ಬಾಪು ಮಿಸ್ತ್ರಿ ಕಳಚಿಕೊಂಡು ಹೋದ ಸ್ಟೇರಿಂಗು

ಬಾಪು ಮಿಸ್ತ್ರಿ ಬಾಯಿ ತೆರೆದರೆ ಎದುರಿಗಿದ್ದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಜಗಳ ಹತ್ತಿತೇನೋ ಎನ್ನಿಸುವಷ್ಟು ದೊಡ್ಡ ದನಿ. ಹರೆಯವನ್ನೆಲ್ಲ ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಿ ಕಳೆದು ಅವರ ಕಿವಿ ಅರ್ಧ ಹೋಗಿತ್ತು. ಆ ಗದ್ದಲದಲ್ಲಿ ಮಗ್ಗ ಕೆಟ್ಟರೆ ಸಪ್ಪಳ ಕೇಳಿ ಪತ್ತೆ ಮಾಡುವ ಮಾತೇ ಇಲ್ಲ, ಕೈಯಿಟ್ಟು ನೋಡಬೇಕು. ಹಳೆಯ ಜೀಪುಗಳ ರಿಪೇರಿಗೆ ಇಳಿದ ಮೇಲೂ ಅದೇ ರೂಢಿ ಉಳಿಯಿತು. ಜ್ವರ ನೋಡುವವರ ಹಾಗೆ ಎಂಜಿನ್ನಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಗ ಯಾರಾದರೂ ಮಾತಾಡಿದರೆ, "ಸುಮ್ನಿರ್ರಿ, ಕೇಳಸವಲ್ದು!" ಎಂದು ಗದರುತ್ತಿದ್ದರು.

ಧಿಮಾಕಿಗೇನೂ ಕಡಿಮೆಯಿರಲಿಲ್ಲ. ಮೀಸೆಗೆ ಬಣ್ಣ. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ನುಸುಳುತ್ತಿದ್ದರು. ನಾನು ಕೊಲ್ಹಾಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆಂದು ತಿಳಿದ ದಿನ ಹೆಂಗಸರನ್ನೆಲ್ಲ 'ಬಾಯಿ' ಎಂದು ಕರೆಯುತ್ತಿದ್ದ ಅವರು ಕೇಳಿದ್ದು ಇಷ್ಟೇ: "ಮೀಸಿ ಬಣ್ಣ ಹದಿನೈದ ದಿನಕ್ಕ ಹೋಗತೈತಿ ನೋಡ್ರಿ ಬಾಯಿ, ನಿಮ್ಮ ಕಾಲೇಜಿನ್ಯಾಗ ಅದಕ್ಕೇನರ ಔಷಧ ಐತೇನು?"

ಅವರದೊಂದು ನೇಮವಿತ್ತು. ಸ್ಟೇರಿಂಗ್ ಕೆಟ್ಟ ಗಾಡಿಯನ್ನು ಯಾರೂ ಇಚಲಕರಂಜಿಯ ಅವರ ಗ್ಯಾರೇಜಿಗೆ ಓಡಿಸಿಕೊಂಡು ಬರಕೂಡದು. ಚೀಲದಲ್ಲಿ ಪಾನಾ, ಸುತ್ತಿಗೆ ತುಂಬಿಕೊಂಡು ಅವರೇ ಬಸ್ಸು ಹತ್ತುತ್ತಿದ್ದರು. ನಮ್ಮೂರಿಗೆ ಬಂದದ್ದೂ ಹಾಗೆಯೇ.

ನಮ್ಮೂರು ಗಡಹಿಂಗ್ಲಜದಿಂದ ಚಂದಗಡದ ಕಡೆಗೆ ಹೋಗುವಾಗ ಗುಡ್ಡದ ಮೇಲಿದೆ. ಮಳೆಗಾಲದಲ್ಲಿ ಆ ಏರಿಗೆ ನಾಲ್ಕೂ ಗಾಲಿ ಎಳೆಯುವ ಗಾಡಿಯೇ ಬೇಕು. ಅಣ್ಣ ಶಂಕರನ ಹಳೆಯ ಜೀಪು ಬೆಳಿಗ್ಗೆ ಊರಿನ ಮಕ್ಕಳನ್ನೆಲ್ಲ ತುಂಬಿಕೊಂಡು ಕೆಳಗಿನ ಶಾಲೆಗೆ ಇಳಿಯುತ್ತಿತ್ತು. ಈ ವರ್ಷ ಮಳೆ ಹಿಡಿದ ಮೇಲೆ, ಸ್ವಲ್ಪ ವೇಗದಲ್ಲಿ ತಗ್ಗಿಗೆ ಬಿದ್ದರೆ ಸಾಕು, ಮುಂದಿನ ಗಾಲಿಗಳು ನಡುಗತೊಡಗಿದವು. ಬಾಪು ಬಂದರು, ಗಾಲಿ ತಿರುಗಿಸುವ ರಾಡುಗಳ ಕೀಲುಗಳನ್ನೂ ಬೇರಿಂಗುಗಳನ್ನೂ ಬದಲಿಸಿ, "ಇನ್ನ ಕಣ್ಣ ಮುಚ್ಚಿ ಹುಡ್ರನ್ನ ಕೂಡಸು" ಎಂದು ಹೇಳಿ ಹೋದರು.

ಆ ವಾರವೇ ಗಾಡಿ ಮತ್ತೆ ನಡುಗಿತು. ಶಂಕರ ಫೋನಿನಲ್ಲಿ ಹೇಳಿದಾಗ ಬಾಪು ಸಿಟ್ಟಿಗೆದ್ದರು. "ನನ್ನ ಕೈ ಹತ್ತಿದ ಗಾಡಿ ನಡಗತೈತಿ ಅಂತೀಯಲ್ಲಪಾ! ನಾನ ಓಡಿಸಿ ತೋರಸ್ತೀನಿ, ತಡಿ."

ಅವರು ಬಂದು ಜೀಪು ಹತ್ತಿದ ದಿನ, ರಜೆಯೆಂದು ಊರಿಗೆ ಹೋಗಿದ್ದ ನಾನು, ಗಡಹಿಂಗ್ಲಜದ ಸಂತೆಗೆ ಹೇಗೂ ಹೋಗಬೇಕಿತ್ತೆಂದು ಅವರ ಪಕ್ಕದಲ್ಲಿ ಕುಳಿತೆ. ಶಂಕರ ಮೋಟರ್‌ಸೈಕಲ್ಲಿನಲ್ಲಿ ಹಿಂದೆ ಬರುತ್ತಿದ್ದ. ಗುಡ್ಡ ಇಳಿದು ಸಮ ರಸ್ತೆಗೆ ಬಂದಾಗ ಬಾಪು ಹಾಡು ಗುನುಗುತ್ತಿದ್ದರು. "ನೋಡ್ರಿ ಬಾಯಿ, ಬೆಣ್ಣಿ ಹಂಗ ಹೊಂಟೈತಿ."

ಹೊಳೆಯ ಸೇತುವೆ ಬಂತು. ರಸ್ತೆಗೂ ಸೇತುವೆಗೂ ನಡುವೆ ಒಂದು ಸಣ್ಣ ಮೆಟ್ಟಿಲಿನಷ್ಟು ಉಬ್ಬು. ಗಾಲಿ ಅದರ ಮೇಲೆ ಹತ್ತಿಳಿಯಿತು.

ಮುಂದಿನದನ್ನು ನಾನು ಇಂದಿಗೂ ನೋಡುತ್ತಲೇ ಇದ್ದೇನೆ, ಪಾಠ ಮಾಡುವಾಗ, ಅನ್ನಕ್ಕಿಡುವಾಗ. ಬಾಪು ಅವರ ಕೈಯಲ್ಲಿದ್ದ ಸ್ಟೇರಿಂಗು ಒಮ್ಮೆಲೇ ಅವರನ್ನು ಹೊಡೆಯತೊಡಗಿತು. ಎಡಕ್ಕೆ, ಬಲಕ್ಕೆ, ಕಣ್ಣಿಗೆ ಕಾಣದಷ್ಟು ಜೋರಾಗಿ. ಇಡೀ ಜೀಪು ಹಲ್ಲು ಕಡಿಯುವ ಹಾಗೆ ಅದುರಿತು. ಎದುರಿಗೆ ಕೆಂಪು ಬಸ್ಸು. ಸೇತುವೆಯಂಚಿನ ಕಠಡೆಯ ಕಲ್ಲುಗಳು ನನ್ನ ಬದಿಗೆ ಬಂದವು, ದೂರಾದವು, ಮತ್ತೆ ಬಂದವು. ಕೆಳಗೆ ತುಂಬಿದ ಹೊಳೆಯ ಕೆಂಪು ನೀರು. "ಬ್ರೇಕು! ಬ್ರೇಕು!" ಎಂದು ನಾನು ಕಿರುಚಿದೆ. ಅವರಿಗೆ ಕೇಳಿಸಲಿಲ್ಲ. ಕೇಳಿಸದ್ದೇ ಒಳ್ಳೆಯದಾಯಿತು. ಆ ಗಳಿಗೆಯಲ್ಲಿ ಬ್ರೇಕು ಒದ್ದಿದ್ದರೆ ಗಾಡಿ ಒಂದೇ ಕಡೆಗೆ ಎಳೆದುಕೊಂಡು ಹೋಗುತ್ತಿತ್ತೆಂದು ಆಮೇಲೆ ಹೇಳಿದರು. ಅವರು ಆಕ್ಸಿಲರೇಟರಿನಿಂದ ಕಾಲು ತೆಗೆದು, ಎದೆಯನ್ನೇ ಸ್ಟೇರಿಂಗಿಗೆ ಒತ್ತಿ ಹಿಡಿದರು. ಬಸ್ಸು ನಮ್ಮನ್ನು ಸವರಿಕೊಂಡೇ ದಾಟಿತು. ಜೀಪು ಮೆಲ್ಲಗಾಯಿತು, ನಡುಕ ನಿಂತಿತು. ಸೇತುವೆಯಾಚೆ ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ ಅವರು ಚಾವಿ ತೆಗೆದರು.

ಅವರ ಬಲ ಮಣಿಕಟ್ಟು ಊದುತ್ತಿತ್ತು. ಅದನ್ನು ಹಿಡಿದುಕೊಂಡು, ಅವರ ಬಾಯಿಂದ ನಾನೆಂದೂ ಕೇಳದಷ್ಟು ಸಣ್ಣ ದನಿಯಲ್ಲಿ ಅಂದರು: "ನಾ ತಪ್ಪ ಹೇಳಿದ್ನಿರಿ. ಹುಡ್ರನ್ನ ಕೂಡಸಂತ ನಾನ ಹೇಳಿದ್ನಿ."

ಕೆಳಗಿಳಿದು ಗೋಣಿಚೀಲ ಹಾಸಿದರು. "ಬಾಯಿ, ನೀವು ಸ್ಟೇರಿಂಗ ಹಿಡೀರಿ. ಇಂಜಿನ್ ಚಾಲೂ ಮಾಡಬ್ಯಾಡ್ರಿ. ಬರೇ ಸ್ವಲ್ಪ ಎಡಕ್ಕ, ಸ್ವಲ್ಪ ಬಲಕ್ಕ. ನಾ ಕಾಲ ಎತ್ತಿದ ಕೂಡ್ಲೆ ನಿಲ್ಲಸ್ರಿ. ಒದರಿದ್ರ ನನಗ ಕೇಳಂಗಿಲ್ಲ, ನನ್ನ ಕೈಬಟ್ಟು ಅಲ್ಲೇ ಒಳಗಿರತಾವು."

ಹೊರಗೆ ಚಾಚಿದ ಅವರ ಎರಡು ಪಾದಗಳ ಮೇಲೆ ಕಣ್ಣು ನೆಟ್ಟು ತಿರುಗಿಸುತ್ತಾ ಹೋದೆ. ಕೆಳಗೆ ಅವರು ಒಂದೊಂದೇ ಕೀಲಿಗೆ ಬೆರಳು ಹಚ್ಚಿ ನೋಡುತ್ತಿದ್ದರು. ತಾವೇ ಹಾಕಿದ ಕೀಲುಗಳೆಲ್ಲ ಗಟ್ಟಿಯಾಗಿದ್ದವು. ಬಹಳ ಹೊತ್ತಿನ ಮೇಲೆ ಬಲಗಾಲು ಮೇಲೆದ್ದಿತು. ನಾನು ಕೈ ಬಿಟ್ಟೆ.

"ಶಂಕ್ರಪ್ಪಾ, ಇಲ್ಲಿ ಬಾ. ಕೈ ಇಡಿಲ್ಲಿ. ಬಾಯಿ, ತಿರುವ್ರಿ ಇನ್ನೊಮ್ಮೆ." ಹಿಂದೆಯೇ ಬಂದು ನಿಂತಿದ್ದ ಶಂಕರನೂ ಕೆಳಗೆ ನುಸುಳಿದ. "ಗೊತ್ತಾತಿಲ್ಲೋ? ಚೆಸಿ ಉಸರಾಡಾಕತ್ತೈತಿ."

ಸ್ಟೇರಿಂಗಿನ ಪೆಟ್ಟಿಗೆಯನ್ನು ಬೋಲ್ಟು ಹಾಕಿ ಕೂರಿಸಿದ ಕಡೆಯಲ್ಲೇ ಚೆಸಿಯ, ಅಂದರೆ ಗಾಡಿಯ ಅಡಿಚೌಕಟ್ಟಿನ, ಉಕ್ಕು ಸೀಳಿತ್ತು. ತಿರುಗಿಸಿದಾಗಲೆಲ್ಲ ಪೆಟ್ಟಿಗೆಯೇ ಅಲ್ಲಾಡುತ್ತಿತ್ತು. ಮಳೆಗೆ ತುಕ್ಕು ಹಿಡಿಯಬಾರದೆಂದು ನಮ್ಮ ಕಡೆಯವರೆಲ್ಲ ಮಾಡುವಂತೆ ಶಂಕರ ಗಾಡಿಯ ಹೊಟ್ಟೆಗೆ ಡಾಂಬರು ಬಳಿದಿದ್ದ. ಸೀಳು ಅದರೊಳಗೆ ಮುಚ್ಚಿಹೋಗಿತ್ತು.

"ಕಬ್ಬಿನ ಟ್ರಾಲಿ ಎಳದಿ?"

"ಒಂದೆರಡ ಸಲ..."

"ಸರಪಳಿ ಎಲ್ಲಿ ಕಟ್ಟಿದ್ದಿ?"

ಶಂಕರ ಆ ಸೀಳಿನ ಕಡೆಗೇ ಬೆರಳು ತೋರಿಸಿದ. "ಎಲ್ಲಾರೂ ಅಲ್ಲೇ ಕಟ್ಟತಾರ ಮಾಮಾ. ಬಂಪರಿಗೆ ಕಟ್ಟಿದ್ರ ಬಂಪರ ಕಿತ್ತ ಬರತೈತಿ. ಕೆಸರಾಗ ಟ್ರಾಲಿ ಸಿಕ್ಕೊಂಡಿರತೈತಿ, ಜೀಪ ಐತಲ್ಲ ಬಾ ಅಂತ ಕರದ್ರ ಇಲ್ಲಂತ ಹೆಂಗ ಅನ್ನೂದು?"

"ಇಲ್ಲ ಅನಬ್ಯಾಡ. ಗಾಡಿಗೊಂದ ಎಳಿಯೂ ಹುಕ್ಕರ ಹಾಕಸಬೇಕಿಲ್ಲೋ, ಅರೇ ಬಾಬಾ!"

ಮರುದಿನ ಮಕ್ಕಳಿಗೆ ಪರೀಕ್ಷೆ. ಗಡಹಿಂಗ್ಲಜದಲ್ಲೇ ವೆಲ್ಡಿಂಗ್ ಹಚ್ಚಿಸಿ ನಿಧಾನ ಹೋದರಾಯಿತು ಎಂದ ಶಂಕರ. ಬರೀ ವೆಲ್ಡಿಂಗ್ ನಿಲ್ಲುವುದಿಲ್ಲ, ದಪ್ಪ ಪಟ್ಟಿ ಕೊರೆದು ಕೂಡಿಸಬೇಕು, ಇಚಲಕರಂಜಿಯಲ್ಲಿ ಮಾಡಿಸಿ ತರುತ್ತೇನೆ ಎಂದರು ಬಾಪು. ಶಂಕರ ಬಿಡಲಿಲ್ಲ. "ನಾಳಿ ಒಂದ ದಿನ ಮಾಮಾ. ಇಪ್ಪತ್ತರ ಮ್ಯಾಲ ಹೋಗಂಗಿಲ್ಲ, ಆಣಿ."

ಬಾಪು ಚೀಲದಿಂದ ದೊಡ್ಡ ಪಾನಾ ತೆಗೆದರು. ಊದಿದ ಕೈಯಲ್ಲೇ ಸ್ಟೇರಿಂಗಿನ ನಡುವಿನ ನಟ್ಟು ಬಿಚ್ಚಿ, ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟು, ಚಕ್ರವನ್ನೇ ಕಿತ್ತುಕೊಂಡು ಹೆಗಲಿಗೆ ಹಾಕಿದರು.

"ಮಾಮಾ, ಅದು ನನ್ನ ಗಾಡಿ!" ಶಂಕರ ಅಡ್ಡ ನಿಂತ.

"ಗಾಡಿ ನಿಂದ, ಖರೆ. ಹುಡ್ರು ಮಂದೀವು."

ಶಂಕರ ಅನ್ನಬಾರದ್ದನ್ನೆಲ್ಲ ಅಂದ. ಮುದುಕನ ತಲೆ ಕೆಟ್ಟಿದೆ ಅಂದ. ಬಾಪು ರಸ್ತೆಯ ಬದಿಗೆ ನಿಂತು ಬಸ್ಸಿಗೆ ಕೈ ಮಾಡಿದರು. ಬಾಗಿಲಲ್ಲಿದ್ದ ಕಂಡಕ್ಟರ್, "ಕಾಯ್ ಮಾಮಾ, ಆಮಚ್ಯಾ ಡ್ರೈವರ್‌ಲಾ ಸುಟ್ಟೀ ದೇತಾ ಕಾಯ್?" ಎಂದು ತಮಾಷೆ ಮಾಡಿದ, ನಮ್ಮ ಡ್ರೈವರಿಗೆ ರಜೆ ಕೊಡುತ್ತೀರಾ ಎಂದು. ಬಾಪುವಿಗೆ ಅದು ಕೇಳಿಸಲೇ ಇಲ್ಲ. ಬಿಳಿ ಅಂಗಿಯ ಎದೆಯ ಮೇಲೆ ಸ್ಟೇರಿಂಗಿನ ಗುರುತು ಕಪ್ಪಗೆ ಮೂಡಿತ್ತು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಮಾರನೆಯ ದಿನ ಮಳೆಯಲ್ಲಿ ಮಕ್ಕಳು ನಡೆದೇ ಗುಡ್ಡ ಇಳಿದರು. ಎಲ್ಲರಿಗಿಂತ ಸಣ್ಣವಳನ್ನು ಶಂಕರ ಹೊತ್ತುಕೊಂಡಿದ್ದ, ದಾರಿಯುದ್ದಕ್ಕೂ ಬಾಪುವನ್ನು ಬೈಯುತ್ತಾ. ಫೋನು ಮಾತ್ರ ಮಾಡಲಿಲ್ಲ. ಸಿಟ್ಟು ಇಳಿದು ಮಾಡಿದಾಗ ಎತ್ತಿದ್ದು ಅವರ ಹೆಂಡತಿ. ಬಾಪು ಎದೆನೋವಿನಿಂದ ತೀರಿಹೋಗಿ ಆಗಲೇ ಕೆಲವು ದಿನಗಳಾಗಿದ್ದವು.

ಮಾತನಾಡಿಸಿಕೊಂಡು ಬರಲು ಇಬ್ಬರೂ ಇಚಲಕರಂಜಿಗೆ ಹೋದೆವು. ಸುತ್ತ ಮಗ್ಗಗಳ ಸದ್ದು. ಸ್ಟೇರಿಂಗಿನಿಂದ ಎದೆಗೆ ಬಿದ್ದ ಆ ಏಟೇ ಕಾರಣವೋ ಎಂದು ಕೇಳಬೇಕೆಂದಿದ್ದೆ, ಬಾಯಿ ಬರಲಿಲ್ಲ. ಶಂಕರ ಬಾಗಿಲ ಹತ್ತಿರ ನೆಲದ ಮೇಲೆಯೇ ಕುಳಿತ. ಆ ತಾಯಿ ಚಹಾ ಕೊಟ್ಟು, ಒಳಗಿನ ಕಪಾಟಿನ ಮೇಲಿದ್ದ ಚಕ್ರದ ಕಡೆಗೆ ನೋಡಿ ಕೇಳಿದರು: "ಅದು ನಿಮ್ಮದೇನ್ರಿ?"

"ಹೌದ್ರಿ," ಎಂದೆ.

"ಪಟ್ಟಿ ಕೂಡಿಸೀರಿ?"

ಶಂಕರ ತಲೆಯೆತ್ತಲಿಲ್ಲ. "ಇನ್ನೂ ಇಲ್ರಿ."

"ಹಂಗಾರ ಕೂಡಿಸಿ ಬರ್ರಿ, ಕೊಡ್ತೀನಿ. ಅಲ್ಲೀ ತನಕಾ ಕೊಡಬ್ಯಾಡಂತ ಹೇಳ್ಯಾರ."