ಜಯಾ ಕಡಲಿಗಿಳಿದದ್ದು

ಬೋಲಿಂಗ್‌ಬ್ರೂಕ್‌ನ ಒಂದು ವೇರ್‌ಹೌಸಿನಲ್ಲಿ ಯಾವ ಟ್ರಕ್ಕು ಎಷ್ಟು ಹೊತ್ತಿಗೆ ಬರಬೇಕು, ಯಾವ ಬಾಗಿಲಿಗೆ ನಿಲ್ಲಬೇಕು ಎಂದು ಗೊತ್ತುಮಾಡುವುದು ಜಯಾ ಅವರ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಅದನ್ನೇ ಮಾಡುತ್ತಿದ್ದವರು. ಹಾಗಾಗಿ ಇಟಲಿಯ ಮಾತು ಬಂದಾಗ, ಯಾರೂ ಹೇಳದೆಯೇ ಪ್ಲ್ಯಾನು ಅವರ ಪಾಲಿಗೆ ಬಂತು.

ಮಗಳು ಧೃತಿ ಡಿಯರ್‌ಬಾರ್ನ್‌ನಲ್ಲಿ ಕಾರಿನ ಎಂಜಿನಿಯರ್. ಸೆಪ್ಟೆಂಬರಿನಲ್ಲಿ ಅವಳಿಗೆ ಒಂದು ತಿಂಗಳು ಇಟಲಿಯ ಟ್ಯೂರಿನ್ ನಗರದಲ್ಲಿ ಕೆಲಸವಿತ್ತು. ಅಪ್ಪ ಅಮ್ಮನನ್ನೂ ಒಂದು ವಾರಕ್ಕೆ ಕರೆದಿದ್ದಳು. ಅವಳಿಗೆ ಬಿಡುವು ಭಾನುವಾರ ಮಾತ್ರ. ಅಂದು ಬೆಳಿಗ್ಗೆ ರೈಲು ಹತ್ತಿ ಕಡಲ ತೀರಕ್ಕೆ ಹೋಗಿ ಸಂಜೆ ಮರಳುವುದೆಂದಾಯಿತು.

ಮೇ ತಿಂಗಳಲ್ಲೇ ಪ್ಲ್ಯಾನು ತಯಾರು. ಕೋಟೆಗೆ ನಲವತ್ತು ನಿಮಿಷ, ಚರ್ಚಿಗೆ ಇಪ್ಪತ್ತು, ಮ್ಯೂಸಿಯಮ್ಮಿಗೆ ಒಂದು ಗಂಟೆ, ಊಟಕ್ಕೆ ಮೂವತ್ತೈದು. ವಿಡಿಯೋ ಕಾಲ್‌ನಲ್ಲಿ ಜಯಾ ಓದುತ್ತಾ ಹೋದರು. ಧೃತಿ ನಕ್ಕುಬಿಟ್ಟಳು.

"ಅಮ್ಮಾ, ವಿ ಆರ್ ನಾಟ್ ಟ್ರಕ್ಸ್. ಇದರಲ್ಲಿ ನಿಂಗೆ ಏನು ಇಷ್ಟ, ಅದನ್ನ ಹೇಳು."

ಜಯಾ ಪಟ್ಟಿಯನ್ನು ಕೆಳಗಿಟ್ಟರು. ಮೈಸೂರಿನಲ್ಲಿ ಬೆಳೆದ ಅವರು ಕಡಲು ಕಂಡದ್ದೇ ಮೂರು ಸಲ, ಅದೂ ಸೀರೆಯ ನೆರಿಗೆ ಎತ್ತಿಹಿಡಿದು ಕಾಲು ನೆನೆಸಿಕೊಳ್ಳುವಷ್ಟು. ಇಲ್ಲಿ ಲೇಕ್ ಮಿಷಿಗನ್‌ಗೆ ಹೋದಾಗಲೂ ಮಡಚುವ ಕುರ್ಚಿಯಲ್ಲಿ ಕೂತು ಎಲ್ಲರ ಚಪ್ಪಲಿ, ಟವೆಲು ಕಾಯುತ್ತಿದ್ದರು.

"ನೀರಿಗೆ ಇಳೀಬೇಕು ಕಣೆ," ಎಂದರು ಕೊನೆಗೆ. "ತೇಲಬೇಕು."

"ಐವತ್ತೊಂಬತ್ತಕ್ಕೆ ಇದೆಲ್ಲ ಬೇಕಾ, ಜಯಾ?" ಎಂದು ಗಂಡ ಚಿದಂಬರ ಕೇಳಿದರು. ಆದರೆ ಮುಂದಿನ ಶನಿವಾರ ಈಜು ಕಲಿಯಲೆಂದು ಜಯಾರನ್ನು ಕಾರಿನಲ್ಲಿ ಈಜುಕೊಳಕ್ಕೆ ಕರೆದೊಯ್ದವರು ಅವರೇ. ಆಮೇಲೆ ಒಂದು ಶನಿವಾರವೂ ತಪ್ಪಿಸಲಿಲ್ಲ.

ಕಲಿಸುತ್ತಿದ್ದವಳು ಶೆರಿಲ್ ಎಂಬ ಎಪ್ಪತ್ತರ ಹೆಂಗಸು. ಉದ್ದ ತೋಳಿನ ಈಜುಡುಗೆಯಲ್ಲಿ ಜಯಾ ನಾಚುತ್ತ ಇಳಿದರು. ಶೆರಿಲ್ ಬೆನ್ನಿನಡಿ ಅಂಗೈ ಕೊಟ್ಟು ನೀರಿನ ಮೇಲೆ ಅಂಗಾತ ಮಲಗಿಸಿದರೆ ಸಾಕು, ಇವರ ಕತ್ತು ಮೇಲೇಳುತ್ತಿತ್ತು, ಕಾಲು ಮುಳುಗುತ್ತಿತ್ತು. ಮೂಗಿಗೆ ನೀರು ನುಗ್ಗಿ ಕೆಮ್ಮು. ನಾಲ್ಕು ವಾರ ಹೀಗೇ. ಐದನೆಯ ವಾರ ಶೆರಿಲ್‌ಗೆ ಕಾರಣ ಗೊತ್ತಾಯಿತು. ಜಯಾ ಗೋಡೆಯ ಗಡಿಯಾರ ನೋಡುತ್ತಿದ್ದರು. ಅವಳು ಅವರನ್ನು ಗಡಿಯಾರ ಕಾಣದ ಮೂಲೆಗೆ ಕರೆದೊಯ್ದಳು. ಅಲ್ಲಿ ಮೊದಲ ಬಾರಿಗೆ ಕಿವಿ ನೀರೊಳಗಾಯಿತು, ಸದ್ದೆಲ್ಲ ದೂರ ಸರಿಯಿತು. ಅಂಗೈ ಬೆನ್ನಿನಡಿ ಇಲ್ಲವೆಂಬುದು ಅವರಿಗೆ ಆಮೇಲೆ ತಿಳಿಯಿತು.

ಅಂದು ಮನೆಗೆ ಬಂದು ಪ್ಲ್ಯಾನಿನಿಂದ ಕೋಟೆ, ಚರ್ಚು, ಮ್ಯೂಸಿಯಂ ಮೂರನ್ನೂ ಹೊಡೆದುಹಾಕಿದರು.

ಸೆಪ್ಟೆಂಬರಿನ ಆ ಭಾನುವಾರ ಟ್ಯೂರಿನ್‌ನಿಂದ ಎರಡು ಗಂಟೆಯ ರೈಲು. ಪುಟ್ಟ ಊರು, ಮರಳಿನ ಬದಲು ಸಣ್ಣ ನುಣುಪುಗಲ್ಲುಗಳ ತೀರ. ಧೃತಿಯ ಕೈ ಹಿಡಿದು ಜಯಾ ಎದೆಮಟ್ಟದ ನೀರಿಗೆ ಇಳಿದರು. ಅಂಗಾತ ಮಲಗಿದ್ದೇ ತಡ, ಅಲೆಯೊಂದು ಬಡಿದು ಬಾಯೆಲ್ಲ ಉಪ್ಪಾಯಿತು. ಉಗುಳಿ, ಮತ್ತೆ ಮಲಗಿದರು. ಉಪ್ಪುನೀರು ಕೊಳಕ್ಕಿಂತ ಸಲೀಸಾಗಿ ಅವರನ್ನು ಎತ್ತಿಕೊಂಡಿತು. ಮಗಳು ಕೈ ಬಿಟ್ಟಳು.

ದಡಕ್ಕೆ ಬಂದಾಗ ಹಸಿವು. ಬೇಕರಿಯಿಂದ ತಂದ, ಎಣ್ಣೆ ಜಿನುಗುವ ಬಿಸಿ ರೊಟ್ಟಿಯನ್ನು ಮೂವರೂ ಕಲ್ಲಿನ ಮೇಲೆ ಕೂತು ಮುರಿದುಕೊಂಡರು.

"ಹೆದರಿಕೆ ಆಗ್ಲಿಲ್ವಾ?" ಚಿದಂಬರ ಕೇಳಿದರು.

"ಆಯ್ತು ರೀ," ಎಂದರು ಜಯಾ, ಬಾಯಿತುಂಬ ರೊಟ್ಟಿ. "ತಿಂದ್ಮೇಲೆ ಇನ್ನೊಂದ್ಸಲ ಇಳೀತೀನಿ."