ಹುರುಳಿ ಉಳಿಸಲು ಹೋಗಿ

ಸಂತೆಬಾಚಹಳ್ಳಿ ದಾಟುತ್ತಲೇ ರಸ್ತೆಯ ತುಂಬ ಒಣಗಿದ ಹುರುಳಿ ಗಿಡ ಹರಡಿತ್ತು. ಯಾರದೋ ಬೆಳೆ ತುಳಿಯಬಾರದೆಂದು ನಮ್ಮ ಯಜಮಾನರು ಕಾರನ್ನು ಪಕ್ಕದ ಮಣ್ಣಿಗೆ ಇಳಿಸಿದರು. ಚಕ್ರದಡಿ ಏನೋ ನಜ್ಜುಗುಜ್ಜಾದ ಸದ್ದಾಯಿತು. ಇಳಿದು ನೋಡಿದರೆ, ಹುಣಸೆಮರದ ನೆರಳಲ್ಲಿ ಟವೆಲ್ ಮುಚ್ಚಿ ಇಟ್ಟಿದ್ದ ಸ್ಟೀಲ್ ಡಬ್ಬಿ ಚಪ್ಪಟೆಯಾಗಿ, ಮುದ್ದೆ, ಸಾರು ಎಲ್ಲ ಮಣ್ಣುಪಾಲಾಗಿತ್ತು.

ಹುರುಳಿ ತಿರುವಿಹಾಕುತ್ತಿದ್ದ ಅಜ್ಜಿ ಕೋಲು ಹಿಡಿದೇ ಬಂದರು. "ಕಾಳು ಉದುರ್ಲಿ, ಬಸ್ಸು ಕಾರು ತುಳೀಲಿ ಅಂತ್ಲೇ ರೋಡಿಗೆ ಆಕಿರೋದು ಕಣಪ್ಪ. ಅದ್ರ ಮ್ಯಾಲೇ ಓಗ್ಬೇಕಿತ್ತು" ಎಂದರು. ತಪ್ಪಾಯಿತೆಂದು ನಾವು ತಡವರಿಸುತ್ತಿದ್ದರೆ ಅವರೇ ನನ್ನತ್ತ ತಿರುಗಿ, "ಓಗ್ಲಿ ಬುಡವ್ವ. ನಿಮ್ದು ಊಟ ಆಯ್ತಾ?" ಎಂದು ಕೇಳಿದರು.

ಆಯಿತು ಎಂದು ಸುಳ್ಳು ಹೇಳಿ ಕಾರು ಹತ್ತಿಬಿಟ್ಟೆ.

ಶ್ರೀರಂಗಪಟ್ಟಣದಿಂದ ಪಾಂಡವಪುರ, ಕೆ.ಆರ್. ಪೇಟೆ ಎಂದು ಸಿಕ್ಕಲ್ಲೆಲ್ಲ ನಿಂತು, ನಿಧಾನವಾಗಿ ಬಂದವರು ನಾವು. ಅವಸರ ಮಾಡಿದ್ದು ಅಲ್ಲಿ ಮಾತ್ರ. ನಾಗಮಂಗಲದಲ್ಲಿ ಊಟಕ್ಕೆ ಕುಳಿತಾಗ, ಬೆಳಿಗ್ಗೆ ನಾನೇ ಕಲಸಿ ತಂದಿದ್ದ ಚಿತ್ರಾನ್ನ ಇಬ್ಬರು ತಿಂದರೂ ಮಿಗುವಷ್ಟಿತ್ತು. ಅಜ್ಜಿ ಊಟ ಆಯ್ತಾ ಎಂದು ಕೇಳಿದಾಗ ಆ ಚಿತ್ರಾನ್ನದ ಡಬ್ಬಿ ನಮ್ಮ ಹಿಂದಿನ ಸೀಟಿನಲ್ಲೇ ಇತ್ತು.