ಅತ್ತೆಯ ಮಡಿಗೊಂದು ಹಿತ್ತಾಳೆ ಹಿಡಿಕೆ

ನನ್ನ ಅತ್ತೆ ಗುಣವತಿಯಮ್ಮನಷ್ಟು ಹಟದ ಹೆಂಗಸನ್ನು ನಾನು ಕಂಡಿಲ್ಲ. ನೀನೇನು ಕಡಿಮೆಯಾ ಎಂದು ನಮ್ಮ ಯಜಮಾನರು ಕೇಳುತ್ತಾರೆ; ಕೇಳಿಕೊಳ್ಳಲಿ. ಕೋಟದ ಕಡೆಯಿಂದ ಬಂದು ನಾಸಿಕದ ಪಂಚವಟಿಯಲ್ಲಿ, ಒಂದು ಹಳೇ ವಾಡೆಯಲ್ಲಿ ಹೋಟೆಲು ಇಟ್ಟವರು ನಾವು. ಕೆಳಗೆ ಹೋಟೆಲು, ಮೇಲೆ ಮನೆ, ನಡುವೆ ಎರಡು ಗೋಡೆಗಳ ಸಂದಿಯಲ್ಲಿ ಹದಿನಾರು ಮರದ ಮೆಟ್ಟಿಲು. ಆ ಮೆಟ್ಟಿಲೋ, ಏಣಿಗೆ ಅಕ್ಕ!

ಬೆಳಿಗ್ಗೆ ಐದಕ್ಕೆ ಅತ್ತೆ ತಣ್ಣೀರು ಸ್ನಾನ ಮಾಡಿ, ಒದ್ದೆ ಸೀರೆ ಹಿಂಡಿ ಉಟ್ಟು, ಯಾರನ್ನೂ ಏನನ್ನೂ ಮುಟ್ಟದೆ ಮಡಿಯಲ್ಲೇ ಇಳಿದು ಸಾಂಬಾರಿಗೆ ಕೈ ಹಾಕುತ್ತಿದ್ದರು. ಅವರ ಕೈ ಬಿದ್ದರೇ ಅದು ಸಾಂಬಾರು. ೧೯೭೧ರ ಮಳೆಗಾಲದಲ್ಲಿ ಕೊನೆಯ ಮೂರು ಮೆಟ್ಟಿಲು ಜಾರಿ ಮಣಿಕಟ್ಟು ಮುರಿದುಕೊಂಡರು. ಆರು ವಾರ ಸಂಬಳದ ಅಡುಗೆಯವನೊಬ್ಬ ಬಂದ. ಪಿಂಪಳಗಾಂವ್ ಬಸವಂತದ ಈರುಳ್ಳಿ ವ್ಯಾಪಾರಿಗಳು ಒಂದು ಚಮಚ ಬಾಯಿಗಿಟ್ಟು, "ಆಜೀ ಕುಠೇ?" ಅಜ್ಜಿ ಎಲ್ಲಿ ಎಂದು ಕೇಳಿ, ಚಹಾ ಮಾತ್ರ ಕುಡಿದು ಎದ್ದು ಹೋಗುತ್ತಿದ್ದರು.

ಪಟ್ಟಿ ಬಿಚ್ಚಿದ ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಕೈ ಕೂಡಿತು, ಆದರೆ ಅರವತ್ತೆಂಟರ ವಯಸ್ಸಿನಲ್ಲಿ ಸೊಂಟ ಮುರಿದರೆ ಮತ್ತೆ ಎದ್ದು ನಿಲ್ಲುವುದು ಕಷ್ಟ ಎಂದರು. ಅಂದಿನಿಂದ ಮೆಟ್ಟಿಲ ಮೇಲೆ ಅತ್ತೆಯ ಹೆಜ್ಜೆ ಕೇಳಿದರೆ ಕೈಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ. ಒಲೆ ಮುಂದೆ ನಿಂತರೆ ಬದುಕುವ ಜೀವ ಅದು. ಹಾಸಿಗೆ ಹಿಡಿದರೆ ಮುಗಿಯಿತು.

ಗೋಡೆಯುದ್ದಕ್ಕೂ ಒಂದು ಹಿಡಿಕೆ ಹಾಕಿಸಿ ಎಂದೆ. ಯಜಮಾನರು ಊಟದ ಎಲೆಯಿಂದ ತಲೆ ಎತ್ತಲಿಲ್ಲ.

"ಬಾಡಿಗೆ ಮನೆ ಗೋಡೆಗೆ ದುಡ್ಡು ಹಾಕುದಾ? ಹೊಳೆಗೆ ಸುರಿದರೂ ಅಳೆದು ಸುರಿ ಅಂತ ಹಿರಿಯರು ಸುಮ್ಮನೆ ಹೇಳಿದ್ದಾ?"

"ಅಳೆದೇ ಹೇಳುದು ನಾನು! ಡಾಕ್ಟರು, ಅಡುಗೆಯವನ ಸಂಬಳ, ಹೋದ ವ್ಯಾಪಾರ ಎಲ್ಲ ಸೇರಿ ಸಾವಿರದ ನೂರು. ಹಿಡಿಕೆಗೆ ನೂರ ಇಪ್ಪತ್ತು. ಆ ದುಡ್ಡಲ್ಲಿ ಒಂಬತ್ತು ಹಿಡಿಕೆ ಆಗ್ತಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುದಾ?"

ಅವರು ಮಜ್ಜಿಗೆಯನ್ನೂ ಕೇಳದೆ ಎದ್ದರು. ಮರುದಿನ ದುಡ್ಡು ನನ್ನ ಕೈಗೆ ಬಂತು.

ಓಝರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಧಾರವಾಡ ಕಡೆಯ ಲಿಂಗರಾಜುವಿಗೆ ಭಾನುವಾರದ ಊಟ ನಮ್ಮಲ್ಲೇ. ಆ ಪುಣ್ಯಾತ್ಮ ಎರಡು ಭಾನುವಾರ ಕೂತು, ಅತ್ತೆ ಸ್ನಾನದಲ್ಲೂ ಜಾರದಿರಲೆಂದು ಬಚ್ಚಲ ಕಲ್ಲಿಗೆ ಉಳಿ ಹೊಡೆದು ಒರಟು ಮಾಡಿದ, ಇಳಿಯುವಾಗ ಬಲಕ್ಕೆ ಸಿಗುವಂತೆ ಸಾಗುವಾನಿ ಹಿಡಿಕೆ ಕೂರಿಸಿದ. ನಾನು ಖುಷಿಯಲ್ಲಿ ಅವನಿಗೆ ಎರಡು ಹೋಳಿಗೆ ಹೆಚ್ಚಿಗೆ ಹಾಕಿದೆ.

ಸೋಮವಾರ ಬೆಳಿಗ್ಗೆ ನೋಡುತ್ತೇನೆ, ಅತ್ತೆ ಎರಡೂ ಕೈ ಎದೆಗೆ ಅವುಚಿಕೊಂಡು ಎಡಗೋಡೆಯ ಕಡೆಗೆ ಸರಿದು ಇಳಿಯುತ್ತಿದ್ದಾರೆ! ಮೊದಲು ಗೋಡೆಯನ್ನಾದರೂ ಸವರುತ್ತಿದ್ದರು. ಈಗ ಅದೂ ಇಲ್ಲ.

"ಅತ್ತೇ, ಹಿಡ್ಕೊಳ್ಳಿ!"

"ಹೋಟೆಲಿನವರೆಲ್ಲ ಎಂಜಲು ಕೈಯಲ್ಲಿ ಮುಟ್ಟಿದ್ದು ಮಾರಾಯ್ತಿ. ಮಡಿ ಹೋಗ್ತದೆ."

ನನ್ನ ತಲೆ ಕೆಟ್ಟೇಹೋಯಿತು. ನಿಮ್ಮ ಮಡಿ ದೊಡ್ಡದಾ ಸೊಂಟ ದೊಡ್ಡದಾ ಎಂದು ಕೂಗಾಡಿದೆ. ಅವರು ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಕಡೆಗೆ ಲಿಂಗರಾಜುವಿನ ಹತ್ತಿರ ಅತ್ತುಕೊಂಡೆ. ಅವನಿಗೆ ನಗು.

"ಅದಕ್ಯಾಕ ಅಳ್ತೀರಿ ಅಕ್ಕಾರ? ಎಡಗಡೆ ಹಿತ್ತಾಳಿ ಪೈಪ್ ಒಂದು ಬಡೀತೀನ್ರಿ. ಅಮ್ಮಾರೊಬ್ಬರಿಗೇ. ಬ್ಯಾರೆ ಯಾರೂ ಮುಟ್ಟೂ ಹಂಗಿಲ್ಲ."

ಲೋಹಕ್ಕೆ ನೀರು ಬಿದ್ದರೆ ಶುದ್ಧ ಎಂದು ಅತ್ತೆ ಒಪ್ಪಿದರು. ಯಜಮಾನರು ಮಾತ್ರ, "ಒಂದು ಮೆಟ್ಟಿಲಿಗೆ ಎರಡು ಹಿಡಿಕೆ! ನಾಳೆ ಎರಡು ಅಟ್ಟ ಕಟ್ಟಿಸಿ" ಎಂದು ಗೊಣಗಿದರು. ಅತ್ತೆ ಕಣ್ಣು ಬಿಟ್ಟದ್ದೇ ತಡ, ತೆಪ್ಪಗೆ ದುಡ್ಡು ಬಿಚ್ಚಿದರು.

ಆ ಪೈಪಿಗೆ ಅತ್ತೆ ಪ್ರತಿ ಶುಕ್ರವಾರ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಗೋಡೆಗೆ ಮೊಳೆ ಹೊಡೆದರೆಂದು ಜಗಳಕ್ಕೆ ಬಂದ ವಾಡೆಯ ಒಡತಿ ಶಾಂತಾಬಾಯಿ ಅದನ್ನು ಹಿಡಿದು ನೋಡಲು ಹೋಗಿ ಬೈಸಿಕೊಂಡಳು. ಹೋಗುವಾಗ ತನ್ನ ಮನೆಗೂ ಅಂಥದ್ದೊಂದು ಬೇಕೆಂದು ಲಿಂಗರಾಜುವಿನ ವಿಳಾಸ ಕೇಳಿದಳು! ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮರುವರ್ಷ ಶ್ರಾವಣದ ಒಂದು ಬೆಳಿಗ್ಗೆ ಅತ್ತೆ ಆಗಷ್ಟೇ ಕೆಳಗೆ ತಲುಪಿದ್ದರು. ಬಲಗೈಯಲ್ಲಿ ಕಾಯಿತುರಿಯ ಪಾತ್ರೆ ಹಿಡಿದು ಹಿಂದೆಯೇ ಇಳಿಯುತ್ತಿದ್ದ ನಾನು ಅವರ ಸೀರೆಯಿಂದ ಸೋರಿದ ನೀರಿನ ಮೇಲೆ ಕಾಲಿಟ್ಟೆ. ಕಾಲು ಹೋಯಿತು, ಪಾತ್ರೆ ಹೋಯಿತು. ಎಡಗೈಗೆ ಏನೋ ಸಿಕ್ಕಿತು, ಗಟ್ಟಿಯಾಗಿ ಹಿಡಿದೆ. ಕಣ್ಣು ಬಿಟ್ಟರೆ ಹಿತ್ತಾಳೆ ಪೈಪಿಗೆ ಜೋತುಬಿದ್ದಿದ್ದೇನೆ.

ಅತ್ತೆ ಮೇಲೆ ಬಂದು ನನ್ನನ್ನು ಎರಡೂ ಕೈಯಲ್ಲಿ ಬಾಚಿ ತಬ್ಬಿಕೊಂಡರು.

"ಅತ್ತೇ, ನಿಮ್ಮ ಹಿಡಿಕೆ ಮುಟ್ಟಿಬಿಟ್ಟೆ..."

"ಸುಮ್ಮನಿರು ಹೆಣ್ಣೇ! ನನಗೆ ಇನ್ನೊಂದು ಕೊಡ ನೀರು ಹೊಯ್ಕೊಂಡ್ರೆ ಆಯ್ತು. ನಿನಗೆ ಇನ್ನೊಂದು ಸೊಂಟ ಎಲ್ಲಿಂದ ತರುದು ನಾನು?"

ನಾನು ಗೊಳೋ ಎಂದು ಅತ್ತುಬಿಟ್ಟೆ. ಆ ದಿನ ಇಡ್ಲಿಗೆ ಸಾಂಬಾರು ಅರ್ಧ ಗಂಟೆ ತಡವಾಯಿತು, ಯಾರೂ ಎದ್ದು ಹೋಗಲಿಲ್ಲ.

ಮರುದಿನ ಅತ್ತೆ ಸೀರೆಯನ್ನು ಎರಡು ಸಲ ಹಿಂಡಿದರು. ಮೆಟ್ಟಿಲ ತಲೆಯಲ್ಲಿ ನಿಂತು ಎಡಗೈಯಲ್ಲಿ ಹಿತ್ತಾಳೆ ಹಿಡಿದರು, ಒಂದು ಕ್ಷಣ ತಡೆದು ಬಲಗೈಯನ್ನು ಸಾಗುವಾನಿಯ ಮೇಲೂ ಇಟ್ಟರು. ನಾನು ಕೆಳಗೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

"ಎಂತ ನೋಡ್ತೀ? ಕೆಳಗೆ ಬಂದು ಕೈ ತೊಳೆದರಾಯ್ತು," ಎಂದು ಗದರುತ್ತ ಹದಿನಾರೂ ಮೆಟ್ಟಿಲು ಇಳಿದು ಬಂದರು.